ಹೊರಗಿನ ಗಂಡು

ಮುಧೋಳ ನಾಯಿಯ ಕೊನೆಯ ಮರಿಯೂ ಹಿಂಗಾಲು ಸೆಟೆದುಕೊಂಡು ಗಿರೆಪ್ಪನ ಮಡಿಲಲ್ಲೇ ಸತ್ತಿತು. ಹಿಂದಿನ ಸೂಲಿನ ಮರಿಗಳೂ ಹೀಗೇ ಹೋಗಿದ್ದವು.

"ಏನರ ಔಷಧ ಕೊಡ್ರಿ, ಕೈ ಮುಗೀತೀನಿ," ಎಂದ ಗಿರೆಪ್ಪ.

"ಇದಕ್ಕ ಔಷಧ ಇಲ್ಲ," ಎಂದರು ದನದ ಡಾಕ್ಟರು. "ಯಾವ ಗಂಡು ಕೂಡಿಸಿದ್ದಿ?"

"ಹೊರಗಿಂದಲ್ರಿ. ಈ ಹೆಣ್ಣುನಾಯಿ ಅವ್ವನ ತಮ್ಮನ್ನೇ ಕೂಡಿಸೀನಿ. ತಳಿ ಕೆಡಬಾರದಲ್ರಿ?"

"ಅದಕ್ಕ ಸಾಯಾಕತ್ತಾವು. ಒಂದೇ ರಕ್ತ ಕೂಡಿದ್ರ ಒಳಗ ಅಡಗಿದ್ದ ರೋಗ ಮರಿಗಳಿಗೆ ಬರ್ತದ. ಇನ್ನರ ಹೊರಗಿನ ಗಂಡು ತಾ."

ಹೋದ ವರ್ಷವಷ್ಟೇ ಹಸುಗೂಸನ್ನು ಮಣ್ಣಿಗಿಟ್ಟು, ಈಗ ಮತ್ತೆ ಬಸುರಿಯಾಗಿದ್ದ ಗಿರೆಪ್ಪನ ಹೆಂಡತಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಡಾಕ್ಟ್ರ, ಇವ್ರು ನಮ್ಮವ್ವನ ಖಾಸಾ ತಮ್ಮ ಅದಾರ್ರಿ."