ತೋಳಿಗೆ ಕಟ್ಟಿದ್ದು

ಹಾರಬೇಕಿದ್ದ ಮರದ ದಿಮ್ಮಿಗೆ ಮುಂಗಾಲು ಬಡಿದ ಕುದುರೆ ಪಲ್ಟಿ ಹೊಡೆದು ಮಂಗಳಾಳ ತೊಡೆಯ ಮೇಲೆಯೇ ಬಿತ್ತು. ಮೂಳೆ ಮುರಿದ ಸದ್ದು ಹಗ್ಗದಾಚೆ ನಿಂತಿದ್ದ ಅಜ್ಜಿ ನರಸಮ್ಮನಿಗೂ ಕೇಳಿಸಿತು. ಕುದುರೆ ಒದ್ದಾಡಿ ಎದ್ದು ಓಡಿದಾಗ ಮೊಮ್ಮಗಳ ಬಿಳಿ ಪ್ಯಾಂಟು ನೋಡನೋಡುತ್ತ ಕೆಂಪಾಯಿತು. ತಲೆಗೆ ಹೆಲ್ಮೆಟ್ಟು, ಎದೆಗೆ ದಪ್ಪ ಕವಚ, ಮೊಳಕಾಲಿನವರೆಗೆ ಬೂಟು, ಮೊದಲ ಸ್ಪರ್ಧೆಗೆ ತೊಡಬೇಕೆಂದು ಹೇಳಿದ್ದನ್ನೆಲ್ಲ ತೊಟ್ಟಿದ್ದಳು ಹುಡುಗಿ.

ನೋವಿನ ಇಂಜೆಕ್ಷನ್ ತುಂಬಿಕೊಂಡು ಬಂದ ಡಾಕ್ಟರು ಅವಳ ತೋಳಿನ ಪಟ್ಟಿ ಬಿಚ್ಚಿದರು. ಸವಾರರಿಗೆ ಯಾವ ಮದ್ದು ಒಗ್ಗದೆಂದು ಬರೆದ ಚೀಟಿ ಅದರೊಳಗೆ ಇರಬೇಕು. ಉದುರಿದ್ದು ಒಂದು ಹಿಡಿ ಅರಿಶಿನ. ಮಂಗಳಾಳ ಬಾಯಿಂದ ಚೀರಾಟವಲ್ಲದೆ ಮಾತು ಹೊರಡುತ್ತಿರಲಿಲ್ಲ.

"ತಾಯ್ತ ಅನ್ಕೊಂಡೆ ಕಣಪ್ಪಾ!" ನರಸಮ್ಮ ಹಗ್ಗದಡಿ ನುಸುಳಿ ಬಂದು ಬಾಯಿ ಬಡಿದುಕೊಂಡಳು. "ಬರೀ ಕಾಗ್ದ ಕಟ್ಕೊಂಡ್ರೆ ಕಾಯ್ತದಾ ಅಂತ ಬೆಳಿಗ್ಗೆ ನಾನೇ ಮಾರಮ್ಮನ ಅರಿಶ್ನ ತುಂಬಿಬುಟ್ಟೆ."

"ಕಾಗದ ಎಸೆದುಬಿಟ್ರಾ ಅಜ್ಜಿ?" ಡಾಕ್ಟರು ಕೇಳಿದರು.

"ಅಕ್ಸರ ಇರೋದ್ನ ಯಾರಾನ ಎಸೀತಾರಾ?"

ಅವಳು ಸೆರಗಿನ ತುದಿಯ ಗಂಟಿಗೆ ಕೈಹಾಕಿದಳು. ಬೆವರಿಗೆ ಬಿಗಿದ ಗಂಟು ಬೆರಳಿಗೆ ಬಗ್ಗಲಿಲ್ಲ. ಮಾರಮ್ಮನನ್ನು ನೆನೆದು ಹಲ್ಲಿನಲ್ಲಿ ಕಚ್ಚಿ ಸೀರೆಯನ್ನೇ ಹರಿದಳು. ತುಟಿಯಿಂದ ರಕ್ತ ಒಸರಿತು. ಅತ್ತ ಡಾಕ್ಟರು ಇನ್ನು ಕಾಯಲಾರದೆ ಸೂಜಿಯನ್ನು ತೋಳಿಗೆ ಮುಟ್ಟಿಸಿದ್ದರು. ನರಸಮ್ಮ ಆ ಕೈಯನ್ನು ತಳ್ಳಿ, ಚೀಟಿಯನ್ನು ಅವರ ಕಣ್ಣಿಗೆ ಹಿಡಿದಳು.

ಕೊಡಬಾರದೆಂದು ಕೆಂಪಕ್ಷರದಲ್ಲಿ ಬರೆದಿದ್ದ ಹೆಸರು ಅವರ ಕೈಯಲ್ಲಿದ್ದ ಮದ್ದಿನದೇ ಆಗಿತ್ತು. ಡಾಕ್ಟರು ಸೂಜಿಯನ್ನು ದೂರದ ಹುಲ್ಲಿಗೆ ಎಸೆದರು.