ಮುಂಗಡ ಸೀಟು

ಮುಂಗಡ ಅರ್ಜಿ ಹಾಕಿದವರಿಗೆ ಸೀಟು ಖಾತ್ರಿ. ಆದರೆ ಊರಿನ ಉಳಿದ ಕಾಲೇಜುಗಳಾಗಲಿ, ಅಲ್ಲಿಯ ಜನರಾಗಲಿ ಆಮೇಲೆ ಅವರ ಕಣ್ಣಿಗೆ ಬೀಳುವುದಿಲ್ಲ, ನೆನಪಿಗೂ ಬರುವುದಿಲ್ಲ.

“ಬೇರೆ ಕಾಲೇಜಲ್ಲಿ ನಿಮ್ಮೋರು ಯಾರಾದ್ರೂ ಇದಾರಾ?” ಕೌಂಟರಿನ ಗುಮಾಸ್ತ ಎಂದಿನಂತೆ ಕೇಳಿದ.

“ನಮ್ಮೋರ್ಯಾರೂ ಅಷ್ಟು ಓದಿಲ್ಲ ಸಾರ್,” ಎಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಬಿಂದುಶ್ರೀಯ ತಾಯಿ ಪುಟ್ಟಗೌರಮ್ಮ ನಕ್ಕಳು. ಹದಿನೆಂಟು ವರ್ಷದಿಂದ ಅದೇ ಊರಿನ ಸರ್ಕಾರಿ ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಿದ್ದ ಅವಳು ತನ್ನನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. “ಒತ್ತು ಮಗಳೇ, ಹೆದರ್ಬೇಡ.”

ಬಿಂದುಶ್ರೀ ಹೆಬ್ಬೆಟ್ಟು ಒತ್ತಿದಳು. ಹಸಿರು ದೀಪ ಹೊತ್ತಿತು. ಖುಷಿಯಿಂದ ಪಕ್ಕಕ್ಕೆ ತಿರುಗಿದರೆ ಅವಳಿಗೆ ಕಂಡದ್ದು ಖಾಲಿ ಕುರ್ಚಿ, ಅದರ ಮೇಲೊಂದು ಬಿಸಿ ಆರದ ಊಟದ ಡಬ್ಬಿ.

“ಸಾರ್, ಇದನ್ನ ಯಾರೋ ಮರೆತು ಹೋಗಿದಾರೆ.”

ಅವಳ ಭುಜ ಹಿಡಿದು ಅಲುಗಿಸುತ್ತಿದ್ದ ತಾಯಿಯನ್ನು ಗುಮಾಸ್ತ ಒಮ್ಮೆ ನೋಡಿದ. ಆಮೇಲೆ ಮುಂದಿನ ಟೋಕನ್ ಕೂಗಿದ.