ಪಾರ್ಟ್ ಟೂ

ಬಿಳಿ ಕೋಟಿನವನು ಏಳು ವರ್ಷ ಹುಡುಕಿದ ಶತ್ರುವಿನ ಕುತ್ತಿಗೆಗೆ ಚೂರಿ ಇಟ್ಟಾಗ ಕಾಲೇಜಿನ ಹಾಲ್ ತುಂಬ ಶಿಳ್ಳೆ ಬಿತ್ತು. ಪರದೆಯ ಮೇಲೆ ಎಲ್ಲೆಲ್ಲೂ ಹಿಮ, ಹಿಂದೆ ಮೆಲ್ಲಗೆ ಪಿಟೀಲು. ರಕ್ತ ಕೂಡ ಚಿಮ್ಮಲಿಲ್ಲ, ದಾಳಿಂಬೆ ಹೂವಿನ ಹಾಗೆ ಒಂದೊಂದೇ ಹನಿ ಉದುರಿತು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಜುಂಜಮ್ಮ ಮುಖ ತಿರುಗಿಸಿದಳು.

ಚಳ್ಳಕೆರೆಯ ಆ ಕಾಲೇಜಿನಲ್ಲಿ ಅವಳು ಅಟೆಂಡರ್. ಶನಿವಾರ ಮಧ್ಯಾಹ್ನ ಐಶ್ವರ್ಯ ಮೇಡಂ ಹೊರದೇಶದ ಸಿನಿಮಾ ತೋರಿಸುವಾಗ ಕಿಟಕಿಗೆ ಕರಿ ಬಟ್ಟೆ ಎಳೆದು ದೀಪ ಆರಿಸುವುದು ಅವಳ ಪಾಲಿನ ಕೆಲಸ. ಇವತ್ತಿನದು ಕೊರಿಯಾದ್ದು. ಮಾತು ತಿಳಿಯದು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದಲು ಬಾರದು. ಆದರೆ ಕಥೆ ಮಾತ್ರ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಣ್ಣನನ್ನು ಕೊಂದವನನ್ನು ತಮ್ಮ ಹುಡುಕಿಕೊಂಡು ಹೋಗುತ್ತಾನೆ, ಅಷ್ಟೇ.

ಅವಳ ದೊಡ್ಡ ಮಗ ಅಂಜನ್‌ನನ್ನು ಕುರಿ ಕೂಡಿಹಾಕುವ ಜಾಗದ ಜಗಳದಲ್ಲಿ ಅವರದೇ ಹಟ್ಟಿಯ ತೋಟಪ್ಪ ಹೊಡೆದು ಕೊಂದಿದ್ದ. ರಕ್ತ ಅಂಟಿದ ಮಗನ ಕಂಬಳಿಯನ್ನು ಜುಂಜಮ್ಮ ಒಗೆಯಲಿಲ್ಲ. ಚಿಕ್ಕವನು ಲೋಹಿತ ಉಣ್ಣಲು ಕೂರುವ ಕಡೆ, ಅವನ ಕಣ್ಣಿಗೆ ನೇರವಾಗಿ, ಗೂಟಕ್ಕೆ ಹಾಕಿದಳು. ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ. ತೋಟಪ್ಪ ಜಾಮೀನಿನ ಮೇಲೆ ಹೊರಬಂದ ವಾರಕ್ಕೆ ಲೋಹಿತ ಕುಡುಗೋಲು ಹಿಡಿದು ಹೋದ. ತಿರುಗಿ ಬಂದಾಗ ಮನೆ ಮುಂದೆ ನೆರೆದ ಮಂದಿ, "ಹೆತ್ರೆ ಇಂಥೋನ್ನ ಹೆರಬೇಕು" ಅಂದರು. ಅವಳಿಗೂ ಹಾಗೇ ಅನ್ನಿಸಿತ್ತು. ಬಿಸಿನೀರು ಕಾಯಿಸಿ ಮಗನ ತಲೆಗೆ ಹೊಯ್ದಳು. ಅವನು ಮೈ ಒರೆಸಿಕೊಳ್ಳುವ ಮೊದಲೇ ಪೊಲೀಸರು ಬಂದಿದ್ದರು. ಈಗ ಅವನದು ಜೀವಾವಧಿ ಶಿಕ್ಷೆ. ಬರುವ ಸೋಮವಾರ, ಐದು ವರ್ಷದ ಮೇಲೆ, ಮೊದಲ ಸಲ ಪೆರೋಲ್ ಮೇಲೆ ಮನೆಗೆ ಬರುವವನಿದ್ದ.

ಸಿನಿಮಾ ಮುಗಿಯಿತು. ಜುಂಜಮ್ಮ ದೀಪ ಹಾಕಿದಳು.

"ಏನ್ ಸ್ಟೈಲು ಮೇಡಂ," ಮುಂದಿನ ಸಾಲಿನ ವೀರೇಶ್ ಅಂದ. "ಕುತ್ತಿಗೆ ಕುಯ್ದ ಮೇಲೂ ಕೋಟಿಗೆ ಒಂದು ಕಲೆ ಇಲ್ಲ."

ಐಶ್ವರ್ಯ ನಕ್ಕರು. "ಸರಿ, ಅವನು ಮಾಡಿದ್ದು ನ್ಯಾಯ ಅನ್ನೋರು ಕೈ ಎತ್ತಿ."

ಹಾಲಿಗೆ ಹಾಲೇ ಕೈ ಎತ್ತಿತು. ಜುಂಜಮ್ಮನ ಕಣ್ಣು ಅವಳಿಗೆ ಬೇಡವಾದರೂ ಮೂರನೇ ಸಾಲಿಗೆ ಹೋಯಿತು. ಅಲ್ಲಿ ತೋಟಪ್ಪನ ಮಗಳು ಸ್ವಪ್ನ ಕೂತಿದ್ದಳು. ಮೂರು ವರ್ಷದಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಒಂದು ದಿನವೂ ಮಾತಾಡಿದವರಲ್ಲ. ಆ ಹುಡುಗಿಯ ಕೈ ಮಡಿಲಲ್ಲೇ ಇತ್ತು.

"ನೀನ್ಯಾಕೆ ಎತ್ತಲಿಲ್ಲ ಸ್ವಪ್ನ?"

"ಸತ್ತೋನಿಗೆ ಒಬ್ಬ ಮಗ ಇದ್ದ ಮೇಡಂ. ಊಟದ ಸೀನಲ್ಲಿ ತೋರಿಸಿದ್ರು. ಆಮೇಲೆ ಅವನು ಏನಾದ ಅಂತ ತೋರಿಸಲೇ ಇಲ್ಲ."

"ಅದು ಪಾರ್ಟ್ ಟೂ," ಅಂದ ವೀರೇಶ್. ಹಾಲೆಲ್ಲ ನಕ್ಕಿತು. ಸ್ವಪ್ನ ಬ್ಯಾಗಿನ ಜಿಪ್ ಎಳೆದುಕೊಂಡಳು.

ಎಲ್ಲರೂ ಹೋದ ಮೇಲೆ ಜುಂಜಮ್ಮ ಕಿಟಕಿಯ ಬಟ್ಟೆ ಬಿಚ್ಚುತ್ತಿದ್ದಳು. ಹಿಂದೆ ಯಾರೋ ನಿಂತಂತಾಗಿ ತಿರುಗಿದರೆ ಸ್ವಪ್ನ.

"ಅತ್ತೆ, ಸೋಮವಾರ ನಿನ್ನ ಮಗ ಬರ್ತಾನಂತಲ್ಲ."

ಜುಂಜಮ್ಮ ಬಿಚ್ಚುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟಳು. "ಯಾರಂದ್ರು?"

"ನಮ್ಮಣ್ಣ ಚಿರಂಜೀವಿ ಜೈಲಿನ ತಾವ ಹೋಗಿ ವಿಚಾರಿಸ್ಕೊಂಡು ಬಂದವ್ನೆ. ಯಾವ ಬಸ್ಸಿಗೆ ಇಳೀತಾನೆ ಅನ್ನೋದೂ ಅವನಿಗೆ ಗೊತ್ತೈತೆ." ಹುಡುಗಿ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಬರಬ್ಯಾಡ ಅಂತ ಹೇಳು ಅತ್ತೆ. ಅಲ್ಲೇ ಇರಲಿ."

ಜುಂಜಮ್ಮ ಬೆಂಚಿನ ಮೇಲೆ ಕೂತಳು. ಹೆತ್ತ ಮಗನಿಗೆ ಮನೆಗೆ ಬರಬೇಡ, ಜೈಲಿನಲ್ಲೇ ಇರು ಎಂದು ಯಾವ ಬಾಯಲ್ಲಿ ಹೇಳುವುದು? ಹುಡುಗಿಯ ಕೈ ಹಿಡಿದಳು.

"ನಿಮ್ಮಣ್ಣಂಗೆ ನೀನೇ ಒಂದು ಮಾತು ಹೇಳಬಾರದೇನವ್ವ? ಬೇಕಾದ್ರೆ ನಾನೇ ಬಂದು ಅವನ ಕಾಲು ಹಿಡೀತೀನಿ."

ಸ್ವಪ್ನ ಕೈ ಬಿಡಿಸಿಕೊಳ್ಳಲಿಲ್ಲ.

"ಹೇಳ್ದೆ ಅತ್ತೆ. ಅವತ್ತಿಂದ ನಮ್ಮವ್ವ ನಂಗೆ ಉಣ್ಣಕಿಕ್ಕೋದು ಬಿಟ್ಟವ್ಳೆ."